ಮಾವನ ಡ್ರಮ್ಮು, ಅಣ್ಣನ ಬುಲ್‌ಬುಲ್ಲು, ನನ್ನ ಮದುವೆ

ಮೊನ್ನೆ ಮಿಕ್ಸಿ ತಿರುಗಲು ಬಿಟ್ಟು ಬಾಗಿಲಲ್ಲಿ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತೆ. ಮೋಟಾರಿನ ಕಾಯಿಲ್ ಸುಟ್ಟ ವಾಸನೆ ಬಂತು ನೋಡಿ, ನನಗೆ ನಗು ತಡೆಯಲಾಗಲಿಲ್ಲ. ಮಾಂಬಳ್ಳಿಯ ನನ್ನ ತವರುಮನೆಯಲ್ಲಿ ಆಗ ದಿನಾ ಸಂಜೆ ಇದೇ ವಾಸನೆ. ಅಣ್ಣನ ಆಂಪ್ಲಿಫೈಯರಿನದು.

ಎಂಬತ್ತರ ದಶಕದ ಮಾತು. ನಮ್ಮಣ್ಣ ನಂಜುಂಡ ಬುಲ್‌ಬುಲ್ ನುಡಿಸುತ್ತಿದ್ದ. ಒಂದು ಕೈಯಲ್ಲಿ ಟೈಪ್ ಮಿಷನ್ನಿನಂತೆ ಗುಂಡಿ ಒತ್ತಿ ಇನ್ನೊಂದರಲ್ಲಿ ತಂತಿ ಗೀರುವ ವಾದ್ಯ. ಸೋದರಮಾವ ಪುಟ್ಟಸ್ವಾಮಿಯದು ಡ್ರಮ್ಮು. ಊರಿನ ಮದುವೆಗಳಿಗೂ ಹಾರನ್ ಸ್ಪೀಕರ್ ಕಟ್ಟಿಕೊಂಡು ಇಬ್ಬರೂ ಹಾಜರು. ನುಡಿಸುತ್ತಿದ್ದ ಎಂದೆನಲ್ಲ, ಅದು ಒಡಹುಟ್ಟಿದವಳ ದಾಕ್ಷಿಣ್ಯ. ಅದೇನು ಹಾಡು ಎಂದು ಕೇಳಿದರೆ ಇಬ್ಬರೂ ಬೇರೆ ಬೇರೆ ಹೆಸರು ಹೇಳುತ್ತಿದ್ದರು. ಎಮ್ಮೆ ಹಾಲು ಕೊಡದ ದಿನ ಅವ್ವ ಇವರಿಬ್ಬರನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಸದ್ದಾಗ್ಲಿಲ್ಲ ಅಂದ್ರೆ ಮದ್ವೆ ಅಂತ ಊರ್ಗೆ ಗೊತ್ತಾಗದು ಎಂಗಕ್ಕಾ?" ಎಂದು ಮಾವ ವಾದಿಸುತ್ತಿದ್ದ.

ನನ್ನ ನಿಶ್ಚಿತಾರ್ಥಕ್ಕೂ ಇವರದೇ ಕಛೇರಿ. ಅಜ್ಜೀಪುರದ ಹುಡುಗ ಪಕ್ಕದಲ್ಲಿ ಕೂತು ಏನೋ ಕೇಳಿದ. ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಕಾಫಿ ಕುಡಿದೆಯಾ ಎಂದಿರಬೇಕು ಅಂದುಕೊಂಡು ಹೂಂ ಎಂದು ಜೋರಾಗಿ ತಲೆಯಾಡಿಸಿದೆ. ಅವನ ಮುಖ ಬಾಡಿಹೋಯಿತು. ಕಾಫಿಗೇ ಇಷ್ಟು ಬೇಜಾರಾಗುವವನ ಜೊತೆ ಬಾಳುವುದು ಹೇಗಪ್ಪಾ ಎಂದು ನನಗೆ ಚಿಂತೆ ಹತ್ತಿತು.

ನಿಶ್ಚಿತಾರ್ಥವಾದ ಮೇಲೆ ಅತ್ತಿಗೆ ಬಾಣಂತನ ಮುಗಿಸಿ ಕೂಸಿನೊಂದಿಗೆ ತವರಿಂದ ಬಂದಳು. ಬಂದವಳೇ, "ಕೂಸು ಎದ್ರೆ ಇಬ್ರೂವೆ ಕೊಟ್ಟಿಗೇಲಿ ಮಲೀಕಳಿ" ಎಂದಳು. ಅಣ್ಣ ವೈರು ಕಿತ್ತ. ಮಾವ ಡ್ರಮ್ಮಿಗೆ ಟವೆಲ್ ಹೊದಿಸಿ, ಕೋಲು ಬಿಟ್ಟು ಬೆರಳಲ್ಲಿ ತಟ್ಟಿದ. ಅವ್ವ ರಾಗಿ ಬೀಸುವಾಗ ಗುನುಗುತ್ತಿದ್ದ ಪದ ಹೇಗೋ ತಂತಿಯೊಳಗೆ ಬಂದು ಸೇರಿತು. ಕೂಸು ಆಕಳಿಸಿ ನಿದ್ದೆಹೋಯಿತು. ಮಾವ ಗಾಬರಿಯಾಗಿ ಪಿಸುಗುಟ್ಟಿದ:

"ಲೇ ನಂಜ, ಇದು ಸಂಗೀತ ಇದ್ದಂಗದೆ ಕಣ್ಲಾ!"

ಕೊಳ್ಳೇಗಾಲದ ಛತ್ರದಲ್ಲಿ ನನ್ನ ಮದುವೆ. ಇಬ್ಬರೂ ಚಾಪೆ ಮೇಲೆ ಕೂತು ಹಾಗೇ ಮೆಲ್ಲಗೆ ಶುರುಮಾಡಿದರು. "ಮೈಕು ಕೆಟ್ಟೋಯ್ತೇನ್ರಪ್ಪಾ?" ಎಂದು ಅಪ್ಪ ಓಡಿಬಂದ. ಗುಜುಗುಜು ನಿಂತು ಜನ ಕಿವಿಗೊಟ್ಟರು. ಬೀಗರ ಕಡೆಯ ಹಿರಿಯರೊಬ್ಬರು ಗೋಡೆಗೊರಗಿ ಗೊರಕೆ ತೆಗೆದರು. ತಾಳಿ ಇನ್ನೂ ತಟ್ಟೆಯಲ್ಲಿತ್ತು. ಹುಡುಗ ನನ್ನತ್ತ ಬಾಗಿದ.

"ಅವತ್ತೂ ಕೇಳ್ದೆ, ನೀನು ಊಂ ಅಂದೆ. ಇಂದೆ ಸರಿಯಕ್ಕೆ ನಮ್ಮಪ್ಪ ಬುಡ್ಲಿಲ್ಲ. ಈಗ್ಲಾದ್ರೂ ಯೋಳು, ನಿಂಗೆ ಈ ಮದ್ವೆ ಇಷ್ಟ ಇಲ್ವಾ?"

"ಅಯ್ಯೋ ಶಿವ್ನೇ, ನೀವು ಕಾಫಿ ಕೇಳುದ್ರಿ ಅಂದ್ಕಂಡಿದ್ದೆ!"

ಮೆಲ್ಲಗೆ ಹೇಳಬೇಕೆಂದಿದ್ದೆ. ನಮ್ಮ ಮನೆಯಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವೆಲ್ಲಿ? ಛತ್ರಕ್ಕೆಲ್ಲ ಕೇಳಿಸಿತು. ಯಾರೋ ಪುಣ್ಯಾತ್ಮರು ಅಡುಗೆಮನೆಗೆ ಓಡಿ ಎರಡು ಲೋಟ ಕಾಫಿ ತಂದೇಬಿಟ್ಟರು. ನಾನು ಲೋಟದ ಮರೆಯಲ್ಲಿ "ಇಷ್ಟ" ಎಂದೆ. ಆಮೇಲೆಯೇ ತಾಳಿ.

ಅಣ್ಣ, ಮಾವ ಮತ್ತೆ ಆ ಹಾರನ್ ಸ್ಪೀಕರ್ ಮುಟ್ಟಲಿಲ್ಲ. ಎಮ್ಮೆಗಳೂ ಸುಧಾರಿಸಿಕೊಂಡವು.

ಮೊನ್ನೆ ಇದೆಲ್ಲ ನೆನಪಾಗಿ, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಯಜಮಾನರನ್ನು ಕೇಳಿಯೇಬಿಟ್ಟೆ. "ಅಲ್ಲಾ ಕಣ್ರೀ, ಛತ್ರದಲ್ಲೂ ನಾನು ತಲೆ ಆಡಿಸಿಬಿಟ್ಟಿದ್ರೆ ಏನ್ ಮಾಡ್ತಿದ್ರಿ?"

ಅವರು ತುಸು ಯೋಚಿಸಿ, "ಎದ್ದು ಓಯ್ತಿದ್ದೆ" ಎಂದರು.

ಒಳ್ಳೆಯ ಮನುಷ್ಯ ಅನಿಸಿತು. ಅವರು ಅಲ್ಲಿಗೆ ನಿಲ್ಲಿಸಬಹುದಿತ್ತು.

"ಊಟ ಮುಗುಸ್ಕಂಡು" ಎಂದರು.