ಜ್ವರ ಇಳಿದ ಮಧ್ಯಾಹ್ನ

ಓಣಿಯವರು ಅವಳಿಗೆ ಬುಗುರಿ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಹೊಲಿಗೆಯಂತ್ರದ ಮುಂದೆ ಕೂತರೆ ಕಾಲು ತುಳಿಯುತ್ತಿರಬೇಕು, ಕೈ ಬಟ್ಟೆ ತಳ್ಳುತ್ತಿರಬೇಕು, ಬಾಯಿ ಯಾರನ್ನಾದರೂ ಮಾತಿಗೆ ಎಳೆದಿರಬೇಕು. ಇವುಗಳಲ್ಲಿ ಒಂದು ನಿಂತರೂ ಅವಳಿಗೆ ಉಸಿರುಕಟ್ಟಿದ ಹಾಗಾಗುತ್ತಿತ್ತು. ಗಂಡನೋ ತದ್ವಿರುದ್ಧ. ಬೀದಿ ಕಡೆಯ ಕೋಣೆಯಲ್ಲಿ ಅವನದು ಗಡಿಯಾರ ರಿಪೇರಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಪಕ್ಕದಲ್ಲಿ ಸಿಡಿಲು ಬಡಿದರೂ ಅಲ್ಲಾಡುವ ಆಸಾಮಿಯಲ್ಲ.

"ನಿಮ್ಮ ಮೇಲೆ ಧೂಳು ಕೂತಿದೆ ನೋಡಿ," ಎಂದು ಅವಳು ಬಟ್ಟೆಯ ತುಂಡಿನಿಂದ ಅವನ ಹೆಗಲು ಒರೆಸಲು ಹೋದರೆ, "ಒರೆಸಿದ್ದಾಯ್ತಲ್ಲ, ಹೋಗು," ಎನ್ನುತ್ತಿದ್ದ, ತಲೆಯೆತ್ತದೆ.

ಆ ವರ್ಷ ಮಳೆ ಬಿಟ್ಟು ಬಿಟ್ಟು ಸುರಿಯಿತು. ತಾರಸಿಯ ಮೇಲೆ, ಒಡೆದ ಬಕೆಟ್ಟುಗಳಲ್ಲಿ, ಹಳೆಯ ಟಯರುಗಳಲ್ಲಿ ನೀರು ನಿಂತಿತು. ಹಾಡುಹಗಲೇ ಸೊಳ್ಳೆಗಳು ಕಚ್ಚತೊಡಗಿದವು. ಓಣಿಯಲ್ಲಿ ಮನೆಗೊಬ್ಬರಂತೆ ಮಲಗಿದರು. ಇವರ ಮನೆಯಲ್ಲಿ ಮೊದಲು ಮಲಗಿದವಳು ಹಿಂದಿನ ಕೋಣೆಯಲ್ಲಿದ್ದ ಅವಳ ಅಕ್ಕ. ಜ್ವರ ಬಂದ ದಿನವೇ ಅಕ್ಕನ ಮಣಿಕಟ್ಟು, ಬೆರಳು, ಕಣಕಾಲು ಊದಿಕೊಂಡವು. ಬಾಗಿಲ ಚಿಲಕ ತೆಗೆಯಲಾಗದೆ ಒಳಗಿನಿಂದಲೇ ಕೂಗಿಕೊಂಡಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ ಚಿಕುನ್‌ಗುನ್ಯಾ ಎಂದರು. ಡೆಂಗಿ ಅಲ್ಲವೆಂದು ಖಾತ್ರಿಯಾದ ಮೇಲಷ್ಟೇ ಕೀಲುನೋವಿಗೆ ಬೇರೆ ಮಾತ್ರೆ ಬರೆದುಕೊಟ್ಟರು.

ಅಕ್ಕ ಗೋಡೆ ಹಿಡಿದು ಓಡಾಡುವ ಹೊತ್ತಿಗೆ ಗಡಿಯಾರದವನಿಗೆ ಮೈ ಕೆಂಡವಾಯಿತು. ಅಕ್ಕ ಕುಂಟುತ್ತಲೇ ತನ್ನ ಕೀಲುನೋವಿನ ಮಾತ್ರೆಯ ಪೊಟ್ಟಣ ಹಿಡಿದುಕೊಂಡು ಬಂದಳು.

"ನನಗೆ ಬಂದದ್ದೇ ಇವರಿಗೂ ಬಂದಿದೆ ಕಣೇ. ಒಂದೇ ಮನೆ, ಅದೇ ಸೊಳ್ಳೆ. ಸುಮ್ಮನೆ ಆಸ್ಪತ್ರೆಗೆ ಯಾಕೆ ಅಲೀತೀಯ? ಇದನ್ನೇ ಕೊಡು, ನೋವು ಹೇಳಹೆಸರಿಲ್ಲದ ಹಾಗೆ ಹೋಗುತ್ತೆ."

ಬುಗುರಿ ಮಾತ್ರೆ ಬಿಡಿಸಿ ಅಂಗೈಗೆ ಹಾಕಿಕೊಂಡೂ ಆಗಿತ್ತು. ನೀರಿನ ಲೋಟ ಹಿಡಿದು ಹೋದವಳಿಗೆ ಗಂಡ, "ಕೀಲುನೋವು ಅಷ್ಟೇನೂ ಇಲ್ಲ ಕಣೇ. ಕಣ್ಣ ಹಿಂದೆ ಯಾರೋ ಗುದ್ದಿದ ಹಾಗಿದೆ," ಎಂದ. ಅವಳ ಕೈ ಅಲ್ಲೇ ನಿಂತಿತು. ಅಕ್ಕ ಕಣ್ಣಿನ ಮಾತೇ ಆಡಿರಲಿಲ್ಲ. ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಅವನನ್ನು ಎಬ್ಬಿಸಿ ಆಸ್ಪತ್ರೆಗೆ ಹೊರಡಿಸಿದಳು.

ಡಾಕ್ಟರಮ್ಮ ಆ ಗಂಟು ಬಿಚ್ಚಿಸಿ ನೋಡಿ, "ಕೊಡದೆ ಇದ್ದದ್ದು ಒಳ್ಳೇದಾಯ್ತು," ಎಂದರು. "ಈಗ ಊರಲ್ಲಿ ಎರಡು ಜ್ವರ ಒಟ್ಟಿಗೆ ಓಡಾಡ್ತಿವೆ. ಶುರುವಿನಲ್ಲಿ ಮುಖ ನೋಡಿ ಇದು ಇಂಥದ್ದೇ ಅಂತ ನಾನೂ ಹೇಳಲಾರೆ. ಕೀಲು ಊದಿದ್ರೆ ಚಿಕುನ್‌ಗುನ್ಯಾ ಇರಬಹುದು ಅಂತ ಅಂದಾಜು ಮಾಡಬಹುದು, ಅಷ್ಟೆ. ಡೆಂಗಿ ಆಗಿದ್ದು ನೀವು ಈ ಮಾತ್ರೆ ನುಂಗಿಸಿದ್ರೆ ಒಳಗೇ ರಕ್ತ ಒಸರಬಹುದು. ರಕ್ತ ಪರೀಕ್ಷೆಗೆ ಕೊಟ್ಟು ಹೋಗಿ, ರಿಪೋರ್ಟು ಬರೋವರೆಗೆ ಪ್ಯಾರಾಸಿಟಮಾಲ್ ಮಾತ್ರ. ನೀರು ಚೆನ್ನಾಗಿ ಕುಡಿಸಿ."

ಹೊರಡುವಾಗ ಮತ್ತೆ ಕರೆದರು. "ಜ್ವರ ಬಿಡ್ತು ಅಂತ ನಿಶ್ಚಿಂತೆ ಆಗಬೇಡಿ. ಡೆಂಗಿ ಕೆರಳೋದೇ ಆಗ. ಹೊಟ್ಟೆನೋವು, ಬಿಡದ ವಾಂತಿ, ವಸಡಲ್ಲಿ ರಕ್ತ, ಮಂಕು, ಇಲ್ಲಾ ಸುಮ್ಮಸುಮ್ಮನೆ ಚಡಪಡಿಕೆ, ಯಾವುದು ಕಂಡರೂ ತಕ್ಷಣ ಕರ್ಕೊಂಡು ಬನ್ನಿ."

"ಚಡಪಡಿಕೆ ಇರೋದು ನನಗೆ ಡಾಕ್ಟರಮ್ಮಾ," ಎಂದು ಅವಳು ನಕ್ಕಳು. ಡಾಕ್ಟರಮ್ಮ ಆಗಲೇ ಮುಂದಿನ ರೋಗಿಯ ನಾಡಿ ಹಿಡಿದಿದ್ದರು.

ಪರೀಕ್ಷಾ ಕೋಣೆಯಲ್ಲಿ ರಕ್ತದ ಶೀಶೆಗಳು ಸಾಲುಗಟ್ಟಿದ್ದವು, ರಿಪೋರ್ಟು ತಡವಾಯಿತು. ಕಾಯುವುದೆಂದರೆ ಬುಗುರಿಗೆ ಜೈಲುವಾಸ. ಒಂದು ಅಂಗಿಗೆ ಎಡತೋಳನ್ನೇ ಎರಡೂ ಕಡೆ ಹೊಲಿದು ಬಿಚ್ಚಿದಳು. ತಾರಸಿ ಹತ್ತಿ ನಿಂತ ನೀರನ್ನೆಲ್ಲ ಚೆಲ್ಲಿದಳು, ಪಕ್ಕದ ಮನೆಯವರ ಹೂಕುಂಡದ ತಟ್ಟೆ ಮಗುಚಿ ಬೈಸಿಕೊಂಡಳು. ಗಳಿಗೆಗೊಮ್ಮೆ ಗಂಡನ ಹಣೆ ಮುಟ್ಟಿ ನೋಡಿದಳು. "ನನ್ನ ಹಣೆ ಸವೆದು ಹೋಗುತ್ತೆ ಕಣೇ," ಎಂದ ಅವನು, ಕಣ್ಣು ಮುಚ್ಚಿಕೊಂಡೇ.

ಒಂದು ಬೆಳಗ್ಗೆ ಅವನ ಜ್ವರ ಬಿಟ್ಟು ಮೈ ತಣ್ಣಗಿತ್ತು. "ನೋಡಿದ್ಯಾ, ನಾನು ಹೇಳಿರಲಿಲ್ವಾ," ಎಂದು ಅಕ್ಕ ಬೀಗಿದಳು. ಬುಗುರಿ ನಿರಾಳವಾಗಿ ಯಂತ್ರದ ಮುಂದೆ ಕೂತಳು. ಊಟವಾದ ಮೇಲೆ ಅವನೂ ಎದ್ದು ಮುಂದಿನ ಕೋಣೆಗೆ ಬಂದು ತನ್ನ ಮೇಜಿಗೆ ಕೂತ. ಕೂತವನು ಎದ್ದ. ಕಿಟಕಿ ತೆರೆದ, ಮುಚ್ಚಿದ. ಚಾಪೆಯ ಮೇಲೆ ಅಡ್ಡಾದ, ಮಗ್ಗುಲು ಬದಲಿಸಿದ, ಎದ್ದು ಬಂದು ಚಿಮಟ ಹಿಡಿದ, ಕೆಳಗಿಟ್ಟ.

"ಇವತ್ತು ಗಂಡನೇ ಬುಗುರಿ ಆಗಿದ್ದಾರಲ್ಲೇ!" ಎಂದು ಅಕ್ಕ ನಕ್ಕಳು. ಬುಗುರಿಯೂ ನಕ್ಕಳು, ಸೂಜಿಗೆ ದಾರ ಪೋಣಿಸುತ್ತ. ಅಷ್ಟರಲ್ಲಿ ಅವನ ಕೈಯಿಂದ ಸಾಸಿವೆಗಿಂತ ಸಣ್ಣ ತಿರುಪೊಂದು ನೆಲಕ್ಕೆ ಬಿತ್ತು. ಅಂಥದ್ದು ಬಿದ್ದರೆ ಸಿಗುವವರೆಗೆ ಮಂಡಿಯೂರಿ ಹುಡುಕುವವನು, ಯಾರೂ ಹೆಜ್ಜೆಯಿಡದಂತೆ ಗದರುವವನು, ಈಗ ಬಗ್ಗಿಯೂ ನೋಡಲಿಲ್ಲ.

ಬುಗುರಿ ಸೂಜಿ ಬಿಟ್ಟು ಎದ್ದಳು. ಹೋಗಿ ಕೈ ಹಿಡಿದಳು. ತಣ್ಣಗೆ, ಬೆವರಿಂದ ಅಂಟಂಟಾಗಿತ್ತು.

"ಹೊಟ್ಟೆ ನೋಯ್ತಿದೆಯೇನ್ರೀ?"

"ಸ್ವಲ್ಪ. ಕೂತ್ರೂ ಆಗಲ್ಲ, ನಿಂತ್ರೂ ಆಗಲ್ಲ."

"ಜ್ವರವೇ ಇಲ್ಲ, ಸುಸ್ತು ಅಷ್ಟೆ. ಮಲಗಲಿ ಬಿಡೇ," ಎಂದಳು ಅಕ್ಕ.

"ಜ್ವರ ಇಲ್ಲ ಅಂತಲೇ ಹೆದರಿಕೆ ಅಕ್ಕಾ." ಎದುರುಮನೆಯ ಬಡಗಿಯ ವ್ಯಾನಿನಲ್ಲಿ ಹಲಗೆಗಳ ನಡುವೆ ಅವನನ್ನು ಕೂರಿಸಿಕೊಂಡು ಹೊರಟಳು. ದಾರಿಯಲ್ಲಿ ಅವನಿಗೆ ಎರಡು ಸಲ ವಾಂತಿಯಾಯಿತು. ಬಡಗಿ ಹಾರ್ನ್ ಒತ್ತಿದ ಕೈ ತೆಗೆಯಲೇ ಇಲ್ಲ.

ರಕ್ತದೊತ್ತಡ ಕುಸಿದಿತ್ತು. ರಕ್ತದೊಳಗಿನ ನೀರಿನಂಶ ನಾಳಗಳಿಂದ ಸೋರಿ ಹೋಗುತ್ತಿದೆ, ರಕ್ತ ಮಂದವಾಗುತ್ತಿದೆ ಎಂದು ಡಾಕ್ಟರಮ್ಮ ಕೂಡಲೇ ಡ್ರಿಪ್ ಹಾಕಿಸಿದರು. ನೀರು ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟವೆಂದು ನರ್ಸು ಪದೇ ಪದೇ ಬಂದು ಹನಿಗಳ ವೇಗ ತಿದ್ದುತ್ತಿದ್ದಳು. ಬುಗುರಿ ಹೊರಗಿನ ಮೊಗಸಾಲೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದಳು. ಕೂರಲು ಹೇಳಿದವರಿಗೆಲ್ಲ "ಹೂಂ" ಎಂದು ಮತ್ತೆ ನಡೆದಳು. ರಿಪೋರ್ಟು ಬಂದಾಗ ಅದರಲ್ಲಿ ಡೆಂಗಿ ಎಂದಿತ್ತು. ಅಷ್ಟು ದಿನ ಅದಕ್ಕಾಗಿ ಚಡಪಡಿಸಿದವಳಿಗೆ ಈಗ ಆ ಕಾಗದದಲ್ಲಿ ಏನಿದ್ದರೂ ಅಷ್ಟೆ ಅನ್ನಿಸಿತು. ಒಳಗೆ ಅವನಿಗೆ ಮೂತ್ರ ಬಂತೇ, ನಾಡಿ ಬಲವಾಯಿತೇ ಎಂದಷ್ಟೇ ನರ್ಸನ್ನು ಕೇಳುತ್ತಿದ್ದಳು.

ಮಾರನೆಯ ದಿನ ರಕ್ತದೊತ್ತಡ ಸ್ಥಿರವಾಯಿತು. ಅದರ ಮರುದಿನ ಅವನಿಗೆ ಹಸಿವಾಯಿತು. ಡಾಕ್ಟರಮ್ಮ ಬುಗುರಿಯ ಬೆನ್ನು ತಟ್ಟಿ, "ಸರಿಯಾದ ಹೊತ್ತಿಗೆ ತಂದ್ರಿ. ಇನ್ನಾದ್ರೂ ಕೂತ್ಕೊಳ್ಳಿ," ಎಂದರು. ಅವಳು ಕೂತಳು. ಕೂತಲ್ಲೇ ಅತ್ತಳು.

ಮನೆಗೆ ಬಂದ ಮೇಲೂ ಅವನಿಗೆ ಬಹಳ ದಿನ ನಿತ್ರಾಣ. ಅಕ್ಕನ ಬೆರಳುಗಳಂತೂ ತಿಂಗಳುಗಟ್ಟಲೆ ಬೆಳಗ್ಗೆ ಮಡಚಲು ಬರುತ್ತಿರಲಿಲ್ಲ. "ಅವರದ್ದು ಬಂದು ಹೆದರಿಸಿ ಹೋಯ್ತು, ನನ್ನದು ಹೋಗೋ ಮಾತೇ ಆಡ್ತಿಲ್ಲ," ಎಂದು ಗೊಣಗುತ್ತಿದ್ದಳು. ಆದರೆ ಅಳಿದುಳಿದ ಮಾತ್ರೆಗಳನ್ನು ಮತ್ತೆ ಯಾರಿಗೂ ನೀಡಲಿಲ್ಲ.

ಅಳತೆ ಕೊಡಲು ಬಂದ ಹೆಂಗಸರು ಈಗಲೂ ಕೇಳುವುದುಂಟು: "ನಮ್ಮ ಮಗಳಿಗೆ ಜ್ವರ, ಇದು ಡೆಂಗಿಯೋ ಚಿಕುನ್‌ಗುನ್ಯಾನೋ?" ಬುಗುರಿ ಟೇಪು ಕೊರಳಿಗೆ ಹಾಕಿಕೊಂಡು, "ನನಗೇನು ಗೊತ್ತಮ್ಮಾ? ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ನೋವಿನ ಮಾತ್ರೆ ನುಂಗಿಸಬೇಡಿ. ಜ್ವರ ಬಿಟ್ಟ ದಿನವಂತೂ ಅವಳ ಪಕ್ಕದಿಂದ ಏಳಬೇಡಿ," ಎನ್ನುತ್ತಾಳೆ. ಅಳತೆ ಆಮೇಲೆ ತೆಗೆದರಾಯಿತೆಂದು ಅವರನ್ನು ಮನೆಗೆ ಕಳಿಸಿಬಿಡುತ್ತಾಳೆ.