ಮೇಷ್ಟ್ರ ಚಿತ್ರದ ಪುಸ್ತಕದಿಂದ ಹರಿದ ಹಾಳೆ

ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ನನಗೆ ಅರ್ಥಶಾಸ್ತ್ರ ಕಲಿಸಿದ ಮೇಷ್ಟ್ರು ನಿವೃತ್ತರಾದ ಮೇಲೆ ಪ್ರಬಂಧ ಬರೆಯುವುದನ್ನು ಬಿಟ್ಟು ಚಿತ್ರ ಬರೆಯಲು ಶುರು ಮಾಡಿದರು. ಬೆಳಿಗ್ಗೆ ಯಾವುದೋ ಬಸ್ಸು ಹತ್ತಿ, ಮನಸ್ಸು ಬಂದ ಊರಿನಲ್ಲಿ ಇಳಿದು, ಸಂಜೆಯವರೆಗೂ ಪೆನ್ಸಿಲ್ ಹಿಡಿದು ಕೂತಿರುತ್ತಿದ್ದರು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ನನ್ನನ್ನು ಕರೆಸಿದರು. ನಾನೀಗ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ.

“ಟ್ರಂಕಲ್ಲಿ ಅರವತ್ತು ಪುಸ್ತಕ ಇದೆ ಕಣಪ್ಪ. ಯಾವ್ದು ಎಲ್ಲೀದು ಅಂತ ಪಟ್ಟಿ ಮಾಡ್ಕೊಡು. ಲೈಬ್ರರಿಗೆ ಕೊಟ್ಬಿಡ್ತೀನಿ,” ಎಂದರು.

ಭಾನುವಾರಗಳಂದು ಅವರ ಹಜಾರದಲ್ಲಿ ಕೂತು ಪುಟಗಳಿಗೆ ನಂಬರು ಹಾಕತೊಡಗಿದೆ. ರಾಜಘಟ್ಟದ ಅಗೆದ ದಿಬ್ಬ, ಹೊಸಕೋಟೆಯಲ್ಲಿ ತರಕಾರಿ ಮೂಟೆಗೆ ಒರಗಿ ನಿದ್ದೆ ಹೋದವರು. ಮೂರನೆಯ ವಾರ, ಇಲ್ಲೇ ಹತ್ತಿರದ ರೇಷ್ಮೆ ಊರು ವಿಜಯಪುರದ ಪುಸ್ತಕ ತೆರೆದರೆ ಅದರಲ್ಲಿ ನನ್ನ ಅಮ್ಮ ಇದ್ದಳು. ಬಿಸಿನೀರಿನ ತೊಟ್ಟಿಯ ಮುಂದೆ ಕೂತು ಬೆಂದ ರೇಷ್ಮೆಗೂಡಿನಿಂದ ಎಳೆ ತೆಗೆಯುತ್ತಿದ್ದಳು. ಕೆಳಗೆ ಮೇಷ್ಟ್ರ ಅಕ್ಷರ: ‘ನನ್ನ ಶಿಷ್ಯನ ತಾಯಿ. ಕಾಫಿ ತರಿಸಿಕೊಟ್ಟರು.’

ಅಮ್ಮ ಕೂಲಿಗೆ ಹೋಗುತ್ತಿದ್ದಳೆಂದು ನಾನು ಯಾರಿಗೂ ಹೇಳಿದವನಲ್ಲ. ಮನೆಯಲ್ಲೇ ಇರುತ್ತಾಳೆ ಎನ್ನುತ್ತಿದ್ದೆ, ಓದುವಾಗಲೂ, ಈಗ ಸಹೋದ್ಯೋಗಿಗಳ ಮುಂದೆಯೂ. ಅವಳ ಸೀರೆಗೆ ಅಂಟಿರುತ್ತಿದ್ದ ಬೆಂದ ಹುಳುವಿನ ವಾಸನೆಗೆ ಹೆದರಿ ಒಮ್ಮೆ ಕಾಲೇಜಿನ ಗೇಟಿನಿಂದಲೇ ಅವಳನ್ನು ವಾಪಸು ಕಳಿಸಿದ್ದೆ. ಮೇಷ್ಟ್ರ ಹೆಂಡತಿ ಅಡುಗೆಮನೆಯಲ್ಲಿದ್ದರು. ಹಾಳೆಯನ್ನು ಮೆಲ್ಲಗೆ ಹರಿದು ಬ್ಯಾಗಿಗೆ ಹಾಕಿಕೊಂಡೆ.

ಆ ಸಂಜೆ ಅಮ್ಮ ಕೇಳಿದಳು: “ನಿಮ್ ಮೇಷ್ಟ್ರು ಒಂದ್ಸಲ ನನ್ನ ಚಿತ್ರ ಬರ್ಕೊಂಡಿದ್ರು ಕಣೋ. ಸಿಕ್ತಾ?”

“ಇಲ್ಲಮ್ಮ.”

“ಬಿಡು. ನಂದ್ಯಾಕೆ ಇಟ್ಕೋತಾರೆ,” ಎಂದು ಅವಳು ಅವರೆಕಾಯಿ ಸುಲಿಯುತ್ತಾ ಕೂತಳು.

ಆ ಮಾತು ನಾಲ್ಕು ದಿನ ನನ್ನನ್ನು ಕೊರೆಯಿತು. ಐದನೆಯ ದಿನ ಹಾಳೆಯನ್ನು ತಂದು ಅವಳ ಮಡಿಲಿಗಿಟ್ಟೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು.

“ಕೈ ಸರ್ಯಾಗಿ ಬರ್ದವ್ರೆ. ಬೆರಳ್ ತುದಿಯೆಲ್ಲ ಹಿಂಗೇ ಸುಕ್ಕಾಗಿರ್ತಿತ್ತು.” ಆಮೇಲೆ, “ಅಂಚ್ ಯಾಕೋ ಹರ್ದೈತೆ?”

“ಹಳೇ ಪುಸ್ತಕ ಅಲ್ವಾ.”

ಮುಂದಿನ ಭಾನುವಾರ ಅಮ್ಮನಿಂದ ಹಾಳೆ ಇಸಕೊಂಡು ಹೋಗಿ ಹಿಂದಿರುಗಿಸಿ, ಮಾಡಿದ್ದನ್ನು ಮೇಷ್ಟ್ರ ಹೆಂಡತಿಗೆ ಹೇಳಿದೆ. ಅವರು ಬಯ್ಯಲಿಲ್ಲ.

“ಇದನ್ನ ನಿಂಗೆ ತೋರಿಸ್ಬೇಕು ಅಂತಿದ್ರು. ಆಮೇಲೆ, ಬೇಡ, ಅವನಿಗೆ ಮುಜುಗರ ಆಗುತ್ತೆ ಅಂದ್ಬಿಟ್ರು.”

ಅಂದರೆ ಮೇಷ್ಟ್ರಿಗೆ ಎಲ್ಲ ಗೊತ್ತಿತ್ತು. ತಲೆ ಎತ್ತಲಾಗದೆ ಗೋಂದು ಹಚ್ಚಿ ಹಾಳೆಯನ್ನು ಅದರ ಜಾಗದಲ್ಲಿ ಅಂಟಿಸಿದೆ. ಪಟ್ಟಿಯಲ್ಲಿ ಅದರ ಮುಂದೆ ‘ನನ್ನ ತಾಯಿ, ವಿಜಯಪುರ’ ಎಂದು ಬರೆದೆ. ಹರಿದವನು ನಾನೇ ಎಂದು ಅಮ್ಮನಿಗೆ ಮಾತ್ರ ಇನ್ನೂ ಹೇಳಿಲ್ಲ.