ಬೇಸ್ ಪೆಟ್ಟಿಗೆಗೆ ಒಂದು ಜಾಗ

ತಕ್ಕಡಿ ಸಾಹೇಬರಿಗೆ ತಲೆ ಕೆಟ್ಟಿದೆ ಎಂದು ಎದುರುಮನೆಯಲ್ಲಿರುವ ಈ ಲೇಖಕ ಕೆಲವು ದಿನ ನಂಬಿದ್ದುಂಟು. ನಂಬದೆ ಏನು ಮಾಡುವುದು? ಎರವಲು ತಂದಿದ್ದ ಏಣಿ ಕೊಟ್ಟು ಬರೋಣವೆಂದು ಹೋದರೆ, ತೆರೆದ ಬಾಗಿಲೊಳಗೆ ಕಂಡದ್ದು ಇದು: ಮನೆಯಲ್ಲಿ ಇನ್ಯಾರೂ ಕೂರದ ಅವರ ಕೈಕುರ್ಚಿಯ ಮೇಲೆ ಗಿಡ್ಡನೆಯ ಕರಿ ಪೆಟ್ಟಿಗೆಯೊಂದು ಕೂತು ಗುಂಯ್‌ಗುಡುತ್ತಿದೆ. ಸಾಹೇಬರು ಬನಿಯನ್ನಿನಲ್ಲಿ, ಮಕ್ಕಳ ಹಾಗೆ ಅಂಬೆಗಾಲಿಕ್ಕಿಕೊಂಡು, ಗೋಡೆಗುಂಟ ಸಾಗುತ್ತಿದ್ದಾರೆ. ಸ್ವಲ್ಪ ದೂರ ಹೋಗುವುದು, ನಿಲ್ಲುವುದು, ತಲೆ ವಾಲಿಸುವುದು, "ಊಹೂಂ" ಎನ್ನುವುದು. ಕಿಟಕಿಯ ಮೂಲೆಯಲ್ಲಿ ಅವರ ಹೆಂಡತಿ ಹೊಲಿಗೆ ಮಷೀನು ತುಳಿಯುತ್ತ, ಇದೆಲ್ಲ ಇದ್ದದ್ದೇ ಎಂಬಂತೆ ಕೂತಿದ್ದಾರೆ. ಏಣಿ ಸದ್ದಿಲ್ಲದೆ ಬಂದ ದಾರಿಯಲ್ಲೇ ವಾಪಸಾಯಿತು.

ತಲೆ ನೆಟ್ಟಗೇ ಇತ್ತಂತೆ. ಹಾಡಿನ ಕೆಳದನಿಯನ್ನಷ್ಟೇ ಹೊರಡಿಸುವ ಬೇಸ್ ಪೆಟ್ಟಿಗೆಗೆ ಜಾಗ ಹುಡುಕುವ ಶಾಸ್ತ್ರೋಕ್ತ ವಿಧಾನವೇ ಅದಂತೆ. ಕೇಳುವವರು ಎಲ್ಲಿ ಕೂರುತ್ತಾರೋ ಅಲ್ಲಿ ಪೆಟ್ಟಿಗೆಯನ್ನು ಕೂರಿಸಬೇಕು. ಪೆಟ್ಟಿಗೆ ಇಡಬಹುದಾದ ಕಡೆಯೆಲ್ಲ ಕೇಳುವವರು ತೆವಳಬೇಕು. ಎಲ್ಲಿ ಕೆಳದನಿ ಏರುಪೇರಿಲ್ಲದೆ ತುಂಬಿಕೊಂಡು ಕೇಳುತ್ತದೋ ಅದೇ ಪೆಟ್ಟಿಗೆಯ ಜಾಗ. ಕಿವಿಯೂ ಪೆಟ್ಟಿಗೆಯೂ ಜಾಗ ಅದಲುಬದಲು ಮಾಡಿಕೊಂಡರೂ ಕೇಳುವುದು ಒಂದೇ ತರ.

ಸಾಹೇಬರು ಅಂಗಡಿಗಳ ತೂಕ, ಅಳತೆ ಪರೀಕ್ಷಿಸುವ ಇನ್‌ಸ್ಪೆಕ್ಟರು. ಬೀದಿ ತಿರುವಿನಲ್ಲಿ ಅವರ ಟೋಪಿ ಕಂಡರೆ ಸಾಕು, ಅಂಗಡಿಯವರ ಬೆರಳು ತಾನೇ ತಾನಾಗಿ ತಕ್ಕಡಿಯ ತಟ್ಟೆಯ ಅಡಿಗೆ ಹೋಗಿ ಅಲ್ಲಿ ಅಂಟಿದ್ದನ್ನು ಕಿತ್ತುಬಿಡುತ್ತದೆ. ಲೋಕವೆಂದರೆ ಅವರ ಪಾಲಿಗೆ ಇನ್ನೂ ಸಿಕ್ಕಿಬೀಳದ ಅಂಗಡಿ. ಹಲ್ಲು ಕೀಳಿಸಿಕೊಂಡಾಗ ಡಾಕ್ಟರು ತಟ್ಟೆಯಲ್ಲಿಟ್ಟು ತೋರಿಸಿದ ಹಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನನ್ನದೇ ಅಂತ ಏನು ಗ್ಯಾರಂಟಿ?" ಎಂದು ಕೇಳಿದವರು.

ಹಾಡು ಕೇಳುವುದರಲ್ಲೂ ಅದೇ ಗುಣ. ಅವರ ಮನೆಯಲ್ಲಿ ಇದ್ದದ್ದು ಪುಸ್ತಕದ ಕಪಾಟಿನಲ್ಲಿ ಹಿಡಿಸುವಂಥ ಜೋಡಿ ಸ್ಪೀಕರು. ಆದರೆ ಅವಕ್ಕೆ ಆಂಪ್ಲಿಫೈಯರು ಒಂದಲ್ಲ, ಎರಡು. ಮೇಲುದನಿಯನ್ನು ಒಂದು ನೋಡಿಕೊಳ್ಳಬೇಕು, ಕೆಳದನಿಯನ್ನು ಇನ್ನೊಂದು. ಎರಡರಿಂದ ದನಿ ಸ್ವಚ್ಛವಾಗುತ್ತದೆ ಎಂದು ಉಳಿದವರು ಹೇಳುತ್ತಾರೆ. ಸಾಹೇಬರ ಕಾರಣ ಬೇರೆ. "ಎಲ್ಲಾ ಕೆಲಸ ಒಬ್ಬನ ಕೈಗೇ ಕೊಟ್ರೆ ಎಲ್ಲಿ ಕದ್ದ ಅಂತ ಗೊತ್ತಾಗಲ್ಲ. ಈಗ ಕಡಿಮೆ ಬಿದ್ರೆ ಯಾರ ಕುತ್ತಿಗೆ ಹಿಡೀಬೇಕು ಅನ್ನೋದು ಖಚಿತ."

ಹೀಗಿರುವಾಗ ಒಂದು ಭಾನುವಾರ ಹೆಂಡತಿಯ ತಮ್ಮ ಬಂದ. ಸಭೆ ಸಮಾರಂಭಗಳಿಗೆ ಮೈಕು ಹಾಕಿಸುವುದು ಅವನ ಕಸುಬು. ಭಾವನ ಮೆಚ್ಚಿನ ವಿಲಾಯಿತಿ ವಾದ್ಯಗಳ ಕಛೇರಿಯನ್ನು ಕೇಳಿ, ಕಾಲು ಚಾಚಿ ಹೇಳಿದ: "ಚೆನ್ನಾಗಿದೆ ಭಾವ. ಆದ್ರೆ ಆ ನಿಂತು ಬಾರಿಸೋ ದೊಡ್ಡ ಪಿಟೀಲು ಇದೆಯಲ್ಲ, ಅದರ ಕೆಳಗಿನ ತಂತಿ ಬರ್ತಾನೇ ಇಲ್ಲ."

"ಬರ್ತಾ ಇಲ್ಲ ಅಂದ್ರೆ?"

"ಬರ್ತಾ ಇಲ್ಲ ಅಂದ್ರೆ ಬರ್ತಾ ಇಲ್ಲ. ಇಷ್ಟು ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗೆ ಇಳಿಯೋಕೆ ಆಗಲ್ಲ. ಅದಕ್ಕೇ ಅಂತ ಬೇರೆ ಪೆಟ್ಟಿಗೆ ಬೇಕು."

ಸಾಹೇಬರ ಮುಖ ಕಪ್ಪಿಟ್ಟಿತು. ಊರಿನವರ ತೂಕ ಸರಿಮಾಡಿಕೊಂಡು ತಿರುಗುವವನಿಗೆ ಸ್ವಂತ ಮನೆಯಲ್ಲಿ, ಸ್ವಂತ ಕುರ್ಚಿಯಲ್ಲಿ, ಇಷ್ಟು ವರ್ಷ ಒಂದು ತಂತಿ ಕಡಿಮೆ ಕೊಟ್ಟಿದ್ದಾರೆ! ಪೆಟ್ಟಿಗೆ ಮನೆಗೆ ಬಂತು. ಅದನ್ನು ಹಚ್ಚುವ ಮೊದಲು ಅಲ್ಲಾಡಿಸಿ, ಮೂಸಿ, ಹಿಂಬದಿಯ ಸ್ಕ್ರೂಗಳನ್ನು ಯಾರಾದರೂ ಮೊದಲೇ ತಿರುವಿದ್ದಾರೆಯೇ ಎಂದು ಬೆಳಕಿಗೆ ಹಿಡಿದು ನೋಡಿದ್ದಾಯಿತು. ಆಮೇಲೆ ತೆವಳುವ ಕಾರ್ಯಕ್ರಮ.

ತೆವಳಿ ತೆವಳಿ ಕೊನೆಗೆ "ಆಹಾ" ಎಂದದ್ದು ಕಿಟಕಿಯ ಮೂಲೆಯಲ್ಲಿ, ಹೊಲಿಗೆ ಮಷೀನಿನ ಕಾಲಿನ ಹತ್ತಿರ.

ಮಷೀನು ನಿಂತಿತು. "ಏನ್ರೀ ಅದು ಆಹಾ?"

"ಇಲ್ಲೇ ಕಣೇ. ಪೆಟ್ಟಿಗೆ ಇಲ್ಲೇ ಇಡಬೇಕು."

"ಇಷ್ಟು ದೊಡ್ಡ ಕೋಣೇಲಿ ನಿಮ್ಮ ಪೆಟ್ಟಿಗೆಗೆ ನನ್ನ ಮೂಲೇನೇ ಬೇಕಾಯ್ತಾ?"

"ನಾನು ಆರಿಸಿದ್ದಲ್ಲ. ಕಿವಿ ಆರಿಸಿದ್ದು."

"ಆ ಕಿವಿ ಯಾರದು?"

ಆ ಮೂಲೆಯಲ್ಲಿ ಮಾತ್ರ ಎಡಗಡೆಯಿಂದ ಬೆಳಕು ಬೀಳುತ್ತದೆ. ಬೀದಿಯ ಅರ್ಧ ಹೆಂಗಸರ ರವಿಕೆ, ಶಾಲೆಯ ಮಕ್ಕಳ ಅಂಗಿ ಎಲ್ಲ ಆ ಬೆಳಕಿನಲ್ಲೇ ಹುಟ್ಟುವುದು. ಕಣ್ಣು ಈಚೆಗೆ ಮಂಜಾಗುತ್ತಿದೆ ಎಂದು ಆಕೆ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಕಪ್ಪು ಬಟ್ಟೆಯ ಕೆಲಸ ಕೈತಪ್ಪುತ್ತದೆ. ಗಂಡನಿಗಂತೂ ಹೇಳಿರಲಿಲ್ಲ. ಅವರು ಕಣ್ಣನ್ನೂ ತೂಕಕ್ಕೆ ಹಾಕಿಬಿಟ್ಟಾರು.

ಮರುಪರೀಕ್ಷೆ ಆಗಲಿ ಎಂದು ಆಕೆ ಹಟ ಹಿಡಿದರು. ಅಂಗಡಿಯವರಿಗೆಲ್ಲ ಮರುಪರೀಕ್ಷೆ ಮಾಡಿಸಿದ ಸಾಹೇಬರು ಒಲ್ಲೆ ಎನ್ನುವ ಹಾಗಿರಲಿಲ್ಲ. ತಮ್ಮ ಬಂದು ಭಾವನ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ, ಬುಗುರಿಯ ಹಾಗೆ ಸುತ್ತಿಸಿ ಬಿಟ್ಟ. ಸಾಹೇಬರು ಕಪಾಟಿಗೆ ಹಣೆ ಹೊಡೆದುಕೊಂಡರು, ನೀರಿನ ಚೊಂಬು ಉರುಳಿಸಿದರು, ಕಡೆಗೆ ಬಂದು ನಿಂತದ್ದು ಮತ್ತೆ ಮಷೀನಿನ ಪೆಡಲಿನ ಬಳಿಯೇ.

"ಎಣ್ಣೆ ವಾಸನೆ ಹಿಡ್ಕೊಂಡು ಬಂದ್ರಿ," ಎಂದರು ಹೆಂಡತಿ.

"ಹಾಗಾದ್ರೆ ನೀನೇ ಕೇಳು."

ಆಕೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೈಯೂರಿದರು. ಆ ಗೋಡೆ, ಈ ಗೋಡೆ, ಬಾಗಿಲ ಹಿಂದೆ. ನಗು ತಡೆಯಲಾರದೆ ತಮ್ಮ ಹೊರಗೆ ಹೋದ. ಕಿಟಕಿಯ ಮೂಲೆಗೆ ಬಂದಾಗ ಕೆಳದನಿ ತುಂಬಿಕೊಂಡು ಕೇಳಿತು, ಆಕೆ ಕೂತುಬಿಟ್ಟರು. ಸುಳ್ಳು ಹೇಳಬಹುದಿತ್ತು. "ಇಲ್ಲೇ," ಎಂದು ಎದ್ದು, ಟೇಪು, ಕತ್ತರಿ, ಗುಂಡಿಯ ಡಬ್ಬಿ ಎತ್ತಿಕೊಂಡು ಒಳಗೋಡೆಯ ಕಡೆ ಹೊರಟರು.

ಪೆಟ್ಟಿಗೆ ಮೂಲೆಯಲ್ಲಿ ವಿರಾಜಮಾನವಾಯಿತು. ಸ್ಪೀಕರಿನ ಕೆಲಸ ಎಲ್ಲಿ ಮುಗಿದು ಪೆಟ್ಟಿಗೆಯದು ಎಲ್ಲಿ ಶುರುವಾಗಬೇಕು ಎಂದು ಹೇಳುವ ಗುಂಡಿಯನ್ನು ಹೆಂಡತಿಯ ತಮ್ಮ ಕೂದಲೆಳೆಯಷ್ಟು ತಿರುಗಿಸಿದ. "ಹೊಲದ ಬದು ಇದ್ದ ಹಾಗೆ ಭಾವ. ಇಬ್ಬರೂ ಒಂದೇ ಜಾಗ ಉಳಬಾರದು." ಸಾಹೇಬರು ಕುರ್ಚಿಯಲ್ಲಿ ಕೂತು ಕೇಳಿದರು. ದೊಡ್ಡ ಪಿಟೀಲು ಕೋಣೆಯೊಳಕ್ಕೆ ನಡೆದುಬಂತು. ಆದರೆ ಪೆಟ್ಟಿಗೆಯಿಂದ ಬರುವಂತಿರಲಿಲ್ಲ.

"ಪೆಟ್ಟಿಗೆ ಏನೂ ಮಾಡ್ತಾ ಇಲ್ಲ ಕಣಯ್ಯ. ಸುಮ್ನೆ ಸಂಬಳ ತಗೋತಾ ಇದೆ."

ತಮ್ಮ ಅದನ್ನು ಬಂದ್ ಮಾಡಿದ. ಕಛೇರಿ ಬಡಕಲಾಗಿ, ನೆಲ ಬಿಟ್ಟು ಮೇಲೆ ತೇಲಿತು. ಹಚ್ಚಿದ. ಮತ್ತೆ ಕಾಲೂರಿತು. "ಸರಿಯಾಗಿ ಕೂತ್ರೆ ಅದು ಇರೋದೇ ಗೊತ್ತಾಗಬಾರದು ಭಾವ." ಇದನ್ನು ಅರಗಿಸಿಕೊಳ್ಳಲು ಸಾಹೇಬರಿಗೆ ಕಷ್ಟವಾಯಿತಾದರೂ ಪುರಾವೆ ಇತ್ತು.

ಅಲ್ಲಿಂದ ಸಂಜೆಗಳು ಸುಖವಾಗಿ ಕಳೆಯಬೇಕಿತ್ತು. ಕಳೆಯಲಿಲ್ಲ. ಹಾಡಿನ ನಡುವೆ ಒಳಗೋಡೆಯಿಂದ ಇನ್ನೊಂದು ಸದ್ದು ಬರತೊಡಗಿತು: ಚರ್ರ್, ಚರ್ರ್. ಹಾಕಿದ ಹೊಲಿಗೆಯನ್ನು ಬಿಚ್ಚುವ ಸದ್ದು. ಮಷೀನು ಸ್ವಲ್ಪ ಓಡುವುದು, ನಿಲ್ಲುವುದು, ಚರ್ರ್. ಒಬ್ಬ ಗಿರಾಕಿ ಕಾಲರು ಸೊಟ್ಟಗಿದೆ ಎಂದು ಅಂಗಿ ವಾಪಸು ತಂದಳು. ಆ ಮನೆಯಿಂದ ಬಟ್ಟೆ ವಾಪಸು ಬಂದದ್ದು ಅದೇ ಮೊದಲು.

ಬೇಕೆಂದೇ ಮಾಡುತ್ತಿದ್ದಾಳೆ ಎಂದು ಸಾಹೇಬರಿಗೆ ಗುಮಾನಿ ಹತ್ತಿತು. ಮೂಲೆ ಹೋಯಿತೆಂಬ ಸಿಟ್ಟು. ಬಾಯಿಬಿಟ್ಟು ಹೇಳದೆ ದಾರದಿಂದ ಹೇಳುತ್ತಿದ್ದಾಳೆ. ಕಳ್ಳತೂಕದ ಅಂಗಡಿಯನ್ನು ಹಿಡಿಯುವ ಹಾಗೆ ಹೊಂಚು ಹಾಕಿದರು. ಆಕೆ ತರಕಾರಿಗೆಂದು ಹೊರಗೆ ಹೋದಾಗ ಎದ್ದು ಹೋಗಿ ಮಷೀನಿನ ಮುಂದೆ ಕೂತರು. ದಾರ ಹಿಡಿದು, ತುದಿ ನೆಕ್ಕಿ, ಸೂಜಿಗೆ ಪೋಣಿಸಲು ನೋಡಿದರು. ಪೋಣಿಸಿದೆ ಎಂದುಕೊಂಡು ಎಳೆದರೆ ದಾರ ಕೈಯಲ್ಲೇ ಇತ್ತು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಸೂಜಿಗೆ ಕಣ್ಣೇ ಇಲ್ಲವೇನೋ ಎಂದು ಅದರ ಮೇಲೇ ಅನುಮಾನಪಟ್ಟರು. ಸೂಜಿ ಬಿಚ್ಚಿ ಕಿಟಕಿಯ ಹತ್ತಿರ ಒಯ್ದರೆ ಕಣ್ಣು ಇತ್ತು.

ತನಗೇ ಹೀಗಾದರೆ ಅವಳಿಗೆ? ಅವಳು ಯಾಕೆ ಹೇಳಲಿಲ್ಲ? ಇಷ್ಟು ದಿನವೂ ಯಾವ ಕಡೆ ತೂಕ ಕಡಿಮೆ ಬೀಳುತ್ತಿತ್ತು? ಸಾಹೇಬರು ಸೂಜಿ ಹಿಡಿದುಕೊಂಡೇ ನಿಂತರು. ಅದಲುಬದಲು ಮಾಡಿದರೂ ಕೇಳುವುದು ಒಂದೇ ತರ ಎಂದಮೇಲೆ ಪೆಟ್ಟಿಗೆಯೇ ಯಾಕೆ ಕಿಟಕಿಯ ಮೂಲೆಗೆ ಬರಬೇಕು? ಕೇಳುವವರೇ ಬಂದು ಕೂರಬಹುದಲ್ಲ. ಈ ಮಾತು ಮೊದಲ ದಿನವೇ ಗೊತ್ತಿತ್ತು. ಮೊದಲ ದಿನ ಅದು ಲಾಭದ ಮಾತಾಗಿರಲಿಲ್ಲ.

ಹೆಂಡತಿ ಚೀಲ ಹಿಡಿದು ಬಂದಾಗ ಮಷೀನು ಕಿಟಕಿಯ ಬಳಿ ಮರಳಿತ್ತು. ಸ್ಪೀಕರುಗಳ ಮುಖ ಆ ಕಡೆ ತಿರುಗಿತ್ತು. ಪೆಟ್ಟಿಗೆ ಕುರ್ಚಿ ಏರಿತ್ತು. ಮಷೀನಿನ ಪಕ್ಕದಲ್ಲಿ ಒಂದು ಸ್ಟೂಲು.

ಆಕೆ ಬಾಗಿಲಲ್ಲೇ ನಿಂತರು. "ಏನೋ ಇದೆ ಇದರಲ್ಲಿ. ಏನು ಬೇಕು ನಿಮಗೆ?"

"ಏನೂ ಬೇಡ."

"ಪೆಟ್ಟಿಗೆ ಕೆಟ್ಟುಹೋಯ್ತಾ?"

"ಇಲ್ಲ."

"ನಿಮ್ಮ ಅಕ್ಕ ಬರ್ತಾರಾ?"

"ಯಾರೂ ಬರಲ್ಲ ಕಣೇ. ಮರುಪರೀಕ್ಷೆ ಆಯ್ತು. ಕೂತ್ಕೋ." ಆಕೆಯ ಕೈಯಿಂದ ಚೀಲ ತೆಗೆದುಕೊಂಡು, "ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ನನಗೂ ತೋರಿಸ್ಕೋಬೇಕು," ಎಂದರು.

ಆ "ನನಗೂ" ಎಂಬುದರ ಮೇಲೆ ಆಕೆಗೆ ಅನುಮಾನ ಬಂತು. ಆದರೂ ಕೂತು, ಬೆಳಕಿಗೆ ಮುಖ ಮಾಡಿ, ಕಪ್ಪು ದಾರವನ್ನು ಸೂಜಿಗೆ ಪೋಣಿಸಿದರು. ಚರ್ರ್ ಎಂಬ ಸದ್ದು ಆ ಸಂಜೆ ಬರಲಿಲ್ಲ. ಕೆಳಗಿನ ತಂತಿ ಬಂತು.

ಮುಂದಿನ ಭಾನುವಾರ ತಮ್ಮ ಒಳಗೆ ಕಾಲಿಟ್ಟವನೇ ಹೊಟ್ಟೆ ಹಿಡಿದುಕೊಂಡ. "ಏನು ಭಾವ ಇದು! ಪೆಟ್ಟಿಗೆ ಕುರ್ಚೀಲಿ, ನೀವು ಸ್ಟೂಲ್ ಮೇಲೆ! ಈ ಮನೇಲಿ ನಿಮಗಿಂತ ಅದಕ್ಕೇ ಮರ್ಯಾದೆ ಜಾಸ್ತಿನಾ?"

ಸಾಹೇಬರು ತಿರುಗಿಯೂ ನೋಡಲಿಲ್ಲ.

"ಸೂಜಿಗೆ ದಾರ ಹಾಕೋಕೆ ಅದಕ್ಕೂ ಬರಲ್ಲ, ನನಗೂ ಬರಲ್ಲ. ಬರೋರು ಕಿಟಕಿ ಹತ್ರ ಕೂತಿದ್ದಾರೆ. ನೀನು ಬೆಳಕಿಗೆ ಅಡ್ಡ ನಿಂತಿದ್ದೀಯ, ಪಕ್ಕಕ್ಕೆ ಸರಿ."